ಹಿಂದಿನಿಂದ ಕೂಗುವ ಸೇವಂತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕರಿಪಾದೆ ಜಲಪಾತದ ಗುಂಡಿಯ ಬಂಡೆಗಳ ಮೇಲೆ ಸೇವಂತಿ ಹಿಡಿಸೂಡಿ ಹಿಡಿದು ಪಾಚಿ ತಿಕ್ಕುತ್ತಿದ್ದಾರೆ. ಮಾತಾಡಿಸೋಣವೆಂದು ಹತ್ತಿರ ಹೋದರೆ ಆಗಲೇ ಮುಂದಿನ ಬಂಡೆಗೆ ದಾಟಿರುತ್ತಾರೆ. ಅಲ್ಲಿ ಹೊಳೆಗೆ ಅಡ್ಡ ಕಟ್ಟಿದ ಹಗ್ಗವನ್ನು ಜಗ್ಗುತ್ತಾರೆ, ತಲೆಯೆತ್ತಿ ಘಟ್ಟದ ಕಡೆ ನೋಡುತ್ತಾರೆ, ಮತ್ತೆ ತಿಕ್ಕುತ್ತಾರೆ. ನಿನ್ನೆ ಯಾರೋ ಒಡೆದು ಹೋದ ಬಾಟಲಿಯ ಚೂರುಗಳನ್ನು ಗೋಣಿಗೆ ತುಂಬಿದ ಮೇಲಾದರೂ ಕೂರಬಹುದು ಅಂದುಕೊಂಡೆ. ಇಲ್ಲ. ತಂದ ದೋಸೆಯನ್ನೂ ನಿಂತೇ ತಿನ್ನುತ್ತಾರೆ.

ಬೆಳ್ಳಾರೆಯಿಂದ ಒಳದಾರಿ ಹಿಡಿದು ಕಾಡಿನ ಅಂಚಿಗೆ ಬಂದರೆ ಈ ಜಲಪಾತ. ಕರಾವಳಿ ನೋಡಲು ಬರುವವರಿಗೆ ಒಂದು ದಿನ ಸಮುದ್ರ, ಒಂದು ದಿನ ದೇವಸ್ಥಾನ, ಮಿಕ್ಕ ಅರ್ಧ ದಿನಕ್ಕೆ ಕರಿಪಾದೆ. ಹೊಳೆಯಾಚೆ ಕಾರು ನಿಲ್ಲಿಸಿ, ಸಾಲುಗಲ್ಲುಗಳ ಮೇಲೆ ಹೆಜ್ಜೆಯಿಟ್ಟು ಈಚೆ ಬರುತ್ತಾರೆ. ನೀರಿಗೆ ಬೀಳುತ್ತಾರೆ, ಮೀನಿನಿಂದ ಕಾಲು ಕಚ್ಚಿಸಿಕೊಳ್ಳುತ್ತಾರೆ, ಚುರುಮುರಿ ತಿಂದು ಇಲ್ಲಿ ಇನ್ನೇನುಂಟು ನೋಡಲು ಎಂದು ಕೇಳುತ್ತಾರೆ. ಎದುರೇ ಓಡಾಡುವ ಸೇವಂತಿಯನ್ನು ಮಾತ್ರ ಯಾರೂ ನೋಡುವುದಿಲ್ಲ. ಪಕ್ಕದ ಅರೆಭಾಷೆ ಗೌಡರ ಮನೆಯ ಈ ಹೆಂಗಸನ್ನು ಗ್ರಾಮ ಅರಣ್ಯ ಸಮಿತಿ ನೀರಿನ ಕಾವಲಿಗೆ ನೇಮಿಸಿದೆ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಕೊರಳಲ್ಲಿ ಸೀಟಿ.

ಈ ಹೊಳೆಯನ್ನು ನಂಬುವ ಹಾಗಿಲ್ಲ. ಅಕ್ಟೋಬರ್ ನಡುವಿನಿಂದ ಶುರುವಾಗುವ ತುಲಾ ತಿಂಗಳಲ್ಲಂತೂ ಇಲ್ಲಿ ಸುಡು ಬಿಸಿಲಿರುವಾಗಲೇ ಮೇಲೆ ಘಟ್ಟದಲ್ಲಿ ಮಳೆ ಹೊಯ್ದು, ಹೇಳದೆ ಕೇಳದೆ ನೀರು ಇಳಿದುಬಿಡುತ್ತದೆ. ನೀರಲ್ಲಿ ಇದ್ದವರನ್ನು ಮೇಲೆ ಹತ್ತಿಸುವುದು ಸೇವಂತಿಗೆ ಮೊದಲಿನಿಂದಲೂ ಸಲೀಸು. ಕಷ್ಟವಾಗುತ್ತಿದ್ದದ್ದು ಹೊರಟುನಿಂತವರ ವಿಷಯದಲ್ಲಿ.

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೆ ಅಪಶಕುನ. ನಮ್ಮ ನಿಮ್ಮ ಮನೆಯಲ್ಲಿ ಅದು ಅಜ್ಜಿಯ ಕಾಲದ ಮಾತಾಗಿರಬಹುದು, ಸೇವಂತಿಗೆ ಉಸಿರಿನಷ್ಟು ಸಹಜ. ಗಂಡ ಬೋಜಪ್ಪ ಕತ್ತಿ ಮರೆತು ಕೆಲಸಕ್ಕೆ ಹೊರಟರೂ ಕೂಗುವವರಲ್ಲ. ಅಡ್ಡದಾರಿಯಲ್ಲಿ ಓಡಿ, ಎದುರಿನಿಂದ ಬಂದು ಕೊಡುವವರು.

ಹೋದ ವರ್ಷ ಇದೇ ತಿಂಗಳು ಮೈಸೂರು ಕಡೆಯ ಹುಡುಗನೊಬ್ಬ ಮಿಂದು, ಬಟ್ಟೆ ಹಾಕಿ, ಚೀಲ ಹೆಗಲಿಗೇರಿಸಿ ಸಾಲುಗಲ್ಲಿನ ಕಡೆ ನಡೆದ. ಜಲಪಾತದ ನೆತ್ತಿಯಿಂದ ನೊರೆ, ಒಣಗಿದೆಲೆ ಇಳಿಯುತ್ತಿದ್ದದ್ದನ್ನು ಸೇವಂತಿ ಕಂಡರು. ಮೇಲಿನಿಂದ ನೀರು ಬರುವ ಗುರುತು ಅದು.

“ಸೀಟಿ ಬಾಯಲ್ಲೇ ಇತ್ತು. ಊದ್ಲಿಕ್ಕೆ ಆಗ್ಲಿಲ್ಲ,” ಎನ್ನುತ್ತಾರೆ. “ಹೊರಟ ಹುಡುಗ ಅಲ್ವಾ, ಹಿಂದಿನಿಂದ ಕೂಗಿ ಅವನಿಗೆ ಎಂತಾದ್ರೂ ಆದ್ರೆ? ಎದುರಿಂದ ಹೋಗಿ ನಿಲ್ಲಿಸುವ ಅಂತ ಕೆಳಗಿನ ದಾರಿಯಲ್ಲಿ ಓಡಿದೆ.”

ಅವರು ಎದುರು ಬರುವಷ್ಟರಲ್ಲಿ ನೀರು ಬಂದಿತ್ತು. ಕೊಚ್ಚಿಹೋದ ಹುಡುಗ ಮರದ ಬೇರಿಗೆ ಸಿಕ್ಕಿಕೊಂಡದ್ದರಿಂದ ಬದುಕಿದ, ಕಾಲು ಮುರಿಯಿತು. ಪುತ್ತೂರಿನ ಆಸ್ಪತ್ರೆಗೆ ನೋಡಲು ಹೋದ ಸೇವಂತಿಯನ್ನು ಅವನು ಒಂದೇ ಒಂದು ಮಾತು ಕೇಳಿದ: “ಆಂಟಿ, ನೀವು ನೋಡ್ತಾನೇ ಇದ್ರಿ. ಒಂದ್ಸಲ ಕೂಗಬಾರದಿತ್ತಾ?”

ಅವನಿಗೆ ಕೆಡುಕಾಗದಿರಲಿ ಎಂದೇ ಸುಮ್ಮನಿದ್ದದ್ದು ಎಂದರೆ, ಮುರಿದ ಕಾಲಿನವನು ಅದನ್ನು ಹೇಗೆ ತಾನೆ ನಂಬಿಯಾನು?

ಅಂದಿನಿಂದ ಸೇವಂತಿ ಕೂಗುತ್ತಾರೆ. ಕಲ್ಲು ಜಾರುತ್ತದೆಂದು ಕೂಗುತ್ತಾರೆ, ಮೋಡ ಕಪ್ಪಾಯಿತೆಂದು ಕೂಗುತ್ತಾರೆ. ಹೊರಗಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ, ಊರವರು ಸಿಟ್ಟಾಗುತ್ತಾರೆ. ಒಬ್ಬರ ಬೈಕ್ ಬೆಳ್ಳಾರೆಯಲ್ಲಿ ಪಂಕ್ಚರ್ ಆದದ್ದಕ್ಕೂ ಇವರ ಬಾಯಿಯೇ ಕಾರಣವಾಯಿತು. ಮನೆಯಲ್ಲಿ ಅತ್ತೆ ಮುಖ ಕೊಟ್ಟು ಮಾತಾಡುತ್ತಿಲ್ಲ. ಸೇವಂತಿಗೂ ಆ ನಂಬಿಕೆ ಹೋಗಿಲ್ಲ, ಪ್ರತಿ ಸಲ ಅದರ ಮೇಲೆ ಕಾಲಿಟ್ಟು ದಾಟಬೇಕಾಗಿದೆ. ಅವರನ್ನು ಕೂರಲು ಬಿಡದಿರುವುದು ಇದೇ ಇರಬೇಕು.

ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕೂಡುತ್ತದೆ. ಸೇವಂತಿ ಸೀಟಿ ಊದಿ ಗುಂಡಿಯಲ್ಲಿದ್ದವರನ್ನೆಲ್ಲ ಮೇಲೆ ಹತ್ತಿಸುತ್ತಾರೆ. ಅಷ್ಟರಲ್ಲಿ ಒಂದು ಕುಟುಂಬ ಹೊರಟಾಗಿದೆ. ಪುತ್ತೂರು ದರ್ಬೆಯ ವ್ಯಾಪಾರಿ ಮಹಾಬಲ, ಹೆಂಡತಿ ಪಂಕಜಾಕ್ಷಿ, ಮಗಳು ಸುಪ್ರಿತಾ. ಇಲ್ಲಿಂದ ಸುಬ್ರಹ್ಮಣ್ಯಕ್ಕೆ ಹೋಗುವವರು. ಸೀಟಿ ಈಜುವವರಿಗೆಂದು ತಿಳಿದು ಅವರು ನಿಲ್ಲುವುದಿಲ್ಲ. ಸುಪ್ರಿತಾ ಚಪ್ಪಲಿ ಕೈಯಲ್ಲಿ ಹಿಡಿದು ಮೊದಲ ಕಲ್ಲಿಗೆ ಕಾಲಿಡುತ್ತಾಳೆ. ಮೇಲಿನಿಂದ ಎಲೆ ಇಳಿಯತೊಡಗಿದೆ.

“ಓ ಅಣ್ಣಾ, ಹೋಗ್ಬೇಡಿ, ನಿಲ್ಲಿ!”

ಮಹಾಬಲ ತಿರುಗಿ ನೋಡುತ್ತಾರೆ. ಮುಖ ಕೆಂಪಾಗಿದೆ. ಮಗಳನ್ನು ಕರೆದುಕೊಂಡು ದಡದಡ ವಾಪಸು ಬರುತ್ತಾರೆ, ಬೈಯಲಿಕ್ಕೆ. “ದೇವಸ್ಥಾನಕ್ಕೆ ಹೊರಟವರನ್ನು ಹಿಂದಿನಿಂದ ಕರೆಯುದಾ? ನಿಮಗೆ ಹೇಳಿಕೊಡುವವರು ಯಾರೂ ಇಲ್ವಾ?”

ಸೇವಂತಿ ಹೊಳೆಯ ಸುದ್ದಿಯನ್ನೇ ಎತ್ತುವುದಿಲ್ಲ. ತಪ್ಪಾಯಿತು ಎನ್ನುತ್ತಾರೆ. ಹಿಂದಿನಿಂದ ಕರೆಸಿಕೊಂಡವರು ಸ್ವಲ್ಪ ಕೂತು, ನೀರು ಕುಡಿದು ಮತ್ತೆ ಹೊರಟರೆ ದೋಷವಿಲ್ಲ ಎಂದೂ ಹೇಳುತ್ತಾರೆ. ಅದೂ ಅದೇ ಶಾಸ್ತ್ರದಲ್ಲಿ ಇರುವ ಮಾತು. ಪಂಕಜಾಕ್ಷಿ ಆಗಲೇ ಬಂಡೆಯ ಮೇಲೆ ಕೂತಿದ್ದಾರೆ. ಸೇವಂತಿ ತಮ್ಮ ಬಾಟಲಿ ಕೊಡುತ್ತಾರೆ. ಮಹಾಬಲ ಗೊಣಗುತ್ತಲೇ ಕೂತು ಕುಡಿಯುತ್ತಾರೆ. ಎಲ್ಲರೂ ಕೂತಿರುವಾಗ ಸೇವಂತಿ ಒಬ್ಬರೇ ನಿಂತು ಹೊಳೆ ನೋಡುತ್ತಿದ್ದಾರೆ. ಅವರ ಚಡಪಡಿಕೆ ನನಗೂ ಅಂಟಿದೆ.

ಬಾಟಲಿ ಖಾಲಿಯಾಗುವ ಮೊದಲೇ ಸದ್ದು ಕೇಳುತ್ತದೆ. ಕೆಂಪು ನೀರು ಒಂದು ಇಡೀ ಮರದ ದಿಮ್ಮಿಯನ್ನು ಹೊತ್ತು ಬಂದು ಸಾಲುಗಲ್ಲನ್ನು ನುಂಗಿಬಿಡುತ್ತದೆ. ಸುಪ್ರಿತಾ ಅಮ್ಮನ ಸೆರಗು ಹಿಡಿದುಕೊಳ್ಳುತ್ತಾಳೆ.

ಸಂಜೆ ಬೋಜಪ್ಪ ಬಂದು ಎಲ್ಲರನ್ನೂ ಕಾಡಿನ ಸುತ್ತುದಾರಿಯಲ್ಲಿ ಸೇತುವೆಯ ಕಡೆ ಕರೆದೊಯ್ಯುತ್ತಾರೆ. ಇವತ್ತು ಹೊರಟ ಗಳಿಗೆಯೇ ಸರಿಯಿಲ್ಲ, ಆ ಹೆಂಗಸು ಹಿಂದಿನಿಂದ ಕೂಗಿದ್ದೇ ಇದಕ್ಕೆಲ್ಲ ಮೂಲ ಎಂದು ಮಹಾಬಲ ಹೆಂಡತಿಗೆ ಹೇಳುತ್ತಾ ನಡೆಯುತ್ತಾರೆ. ಅದು ಹಿಂದೆ ಉಳಿದ ಸೇವಂತಿಗೂ ನನಗೂ ಸ್ಪಷ್ಟವಾಗಿ ಕೇಳಿಸುತ್ತದೆ. ನನಗೆ ಸಿಟ್ಟು ನೆತ್ತಿಗೇರುತ್ತದೆ. ಬೇಸರ ಆಗುವುದಿಲ್ಲವೇ ಎಂದು ಸೇವಂತಿಯನ್ನು ಕೇಳುತ್ತೇನೆ.

ಅವರು ಸಡಿಲವಾದ ಹಗ್ಗವನ್ನು ಬಿಗಿಯುತ್ತಿದ್ದಾರೆ.

“ಬೈಯ್ಲಿ ಮಾರಾಯ್ರೆ. ಬೈಲಿಕ್ಕೆ ಜನ ಉಳಿಬೇಕಲ್ಲ.”