ಇಟ್ಟೋಗಿಯವರೂ ಅಕ್ಕನ ಕಂಪ್ಯೂಟರೂ

ಇಟ್ಟೋಗಿ ಎಂಬುದು ಯಾವುದೋ ದೊಡ್ಡ ಮನೆತನದ ಹೆಸರೆಂದು ಈ ಬರಹಗಾರ ಮೊದಲು ನಂಬಿದ್ದ. ರೇಡಿಯೋ ಕೆಟ್ಟಾಗ ಬೀದಿಯವರೆಲ್ಲ ‘ಇಟ್ಟೋಗಿ ಹತ್ರ ಕೊಡಿ’ ಎಂದಿದ್ದರು. ಯೋಗಿ, ತ್ಯಾಗಿಗಳ ಜೊತೆ ಪ್ರಾಸ ಹೊಂದುವ ಹೆಸರು. ಮನುಷ್ಯನೂ ಹಾಗೇ ಇರಬೇಕೆಂದು ಶರ್ಟಿನ ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು ಹೋಗಿ, ‘ನಮಸ್ಕಾರ ಇಟ್ಟೋಗಿಯವರೇ’ ಎಂದ. ಮೇಜಿನ ಮೇಲೆ ಬಗ್ಗಿದ್ದವರು ತಲೆ ಎತ್ತದೆ ‘ಇಟ್ಟೋಗಿ’ ಎಂದರು. ಪರಿಚಯ ಹೇಳಿಕೊಂಡರೆಂದು ತಿಳಿದು ಇವನೂ ತನ್ನ ಪರಿಚಯ ಹೇಳಿದ, ಅಚ್ಚಾದ ಪುಸ್ತಕಗಳ ಪಟ್ಟಿ ಸಮೇತ. ಎಲ್ಲವನ್ನೂ ಕೇಳಿಸಿಕೊಂಡು ಅವರು ಇನ್ನೊಮ್ಮೆ ಹೇಳಿದರು: ‘ಸರಿ ಸಾರ್. ರೇಡಿಯೋ ಇಟ್ಟೋಗಿ.’

ಇಟ್ಟು ಹೋಗಿ. ಅಷ್ಟೇ. ಯಾರು ಏನು ತಂದರೂ ಅವರ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಊರು ಅದನ್ನೇ ಹೆಸರು ಮಾಡಿಕೊಂಡಿತ್ತು.

ಮಹಡಿ ಮೆಟ್ಟಿಲ ಕೆಳಗಿನ ಅಂಗಡಿ. ಒಳಗೆ ಹೋಗಲು ಎಲ್ಲರೂ ಬಗ್ಗಲೇಬೇಕು. ಅದು ತಮಗೆ ಸಲ್ಲುವ ಮರ್ಯಾದೆ ಎಂದು ಇಟ್ಟೋಗಿಯವರು ಭಾವಿಸಿದ್ದರೆ ತಪ್ಪೇನಿಲ್ಲ. ಮೂವತ್ತು, ನಲವತ್ತು ವರ್ಷದ ಹಿಂದಿನ ಕಂಪ್ಯೂಟರ್‌ಗಳಿಗೆ ಜೀವ ಬರಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ದೂರದೂರಿನಿಂದ ಜನ ಸತ್ತ ಯಂತ್ರಗಳನ್ನು ಎದೆಗವಚಿಕೊಂಡು ಬರುತ್ತಿದ್ದರು. ಒಂದು ಪತ್ರಿಕೆ ಅವರನ್ನು ‘ಯಂತ್ರಗಳ ಸಂಜೀವಿನಿ’ ಎಂದು ಬರೆದಿತ್ತು. ಆ ತುಣುಕಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಬಂದವರ ಕಣ್ಣಿಗೆ ಅದು ಬೀಳದಿದ್ದರೆ, ಧೂಳು ಒರೆಸುವ ನೆಪದಲ್ಲಿ ಎದ್ದು ಹೋಗಿ ಬೀಳುವಂತೆ ಮಾಡುತ್ತಿದ್ದರು.

ಆ ಕಟ್ಟಿನ ಕೆಳಗೇ, ಹಳೆಯ ಟೇಬಲ್ ಬಟ್ಟೆ ಹೊದ್ದುಕೊಂಡು ಅವರ ಅಕ್ಕನ ಕಂಪ್ಯೂಟರ್ ಕೂತಿತ್ತು. ಹದಿನಾಲ್ಕು ವರ್ಷದಿಂದ. ಅದರ ಮೇಲೆ ಅವರು ಟೀ ಲೋಟ ಇಡುತ್ತಿದ್ದರು.

ಅಕ್ಕ ಒಂದು ವಾರಪತ್ರಿಕೆಗೆ ಪದಬಂಧ ಮಾಡುತ್ತಿದ್ದವಳು. ಟೆಲಿಫೋನ್ ಕಚೇರಿಯಿಂದ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಗುಂಡಿ ಒತ್ತಿ, ಅದು ಎದ್ದೇಳುವಷ್ಟರಲ್ಲಿ ಕೈಕಾಲು ತೊಳೆದುಕೊಂಡು ಬರುತ್ತಿದ್ದಳು. ಒಂದು ದಿನ ಅದು ಏಳಲಿಲ್ಲ. ಆಟೋದಲ್ಲಿ ಹೇರಿಕೊಂಡು ತಮ್ಮನ ಅಂಗಡಿಗೆ ಬಂದಳು.

‘ಲೋ, ನೋಡೋ ಇದನ್ನ. ಶುಕ್ರವಾರ ಕಳಿಸ್ಬೇಕು.’

‘ಇಟ್ಟೋಗಕ್ಕ.’

‘ನನಗೂ ಅದೇ ಮಂತ್ರನಾ?’

‘ನಿಂದು ಎರಡು ದಿನದ ಕೆಲಸ.’

ಇಟ್ಟೋಗಿಯವರ ಲೆಕ್ಕ ಹೀಗಿತ್ತು: ಗುರುತಿಲ್ಲದವರದು ಮೊದಲು, ಗುರುತಿನವರದು ಆಮೇಲೆ, ಮನೆಯವರದು ಕೊನೆಗೆ. ಗುರುತಿಲ್ಲದವರು ಕೋಪಿಸಿಕೊಂಡು ಬೇರೆ ಕಡೆ ಹೋಗುತ್ತಾರೆ, ಮನೆಯವರು ಎಲ್ಲಿಗೆ ಹೋಗುತ್ತಾರೆ? ಅಕ್ಕ ಆ ಶುಕ್ರವಾರ ಕೇಳಿದಳು, ಮುಂದಿನ ತಿಂಗಳು ಕೇಳಿದಳು. ‘ಬಿಡಿಭಾಗ ಬರ್ಬೇಕಕ್ಕ’ ಎಂದರು. ಮುಚ್ಚಳದ ಒಂದು ಸ್ಕ್ರೂ ಸಹ ಬಿಚ್ಚಿರಲಿಲ್ಲ. ಎರಡನೆಯ ವರ್ಷ ಅವಳು ಕೇಳುವುದನ್ನು ಬಿಟ್ಟಳು. ಕಾಗದದ ಮೇಲೆ ಚೌಕ ಎಳೆದು ನೋಡಿದಳು, ಕೈ ಒಗ್ಗಲಿಲ್ಲ. ಪತ್ರಿಕೆ ಬೇರೆಯವರನ್ನು ಹಿಡಿಯಿತು. ಅಕ್ಕ ಸಂಜೆ ಹೊತ್ತು ಟಿವಿ ನೋಡತೊಡಗಿದಳು. ಪಾಪ, ವಿಶ್ರಾಂತಿ ತಗೊಳ್ಳಲಿ ಎಂದು ಇಟ್ಟೋಗಿಯವರು ಅಂದುಕೊಂಡರು.

ಕಳೆದ ವರ್ಷ ಅಕ್ಕನ ಮಗಳು ಬಗ್ಗಿಕೊಂಡು ಅಂಗಡಿಯೊಳಗೆ ಬಂದಳು. ಅವಳಮ್ಮನಿಗೆ ಮರೆವಿನ ಕಾಯಿಲೆ ಬಂದು ಆಗಲೇ ಎರಡು ವರ್ಷವಾಗಿತ್ತು.

‘ಮಾವ, ಈಗ ಮಾತುಗಳೂ ಹೋಗ್ತಿವೆ. ಚಮಚಕ್ಕೆ “ಅದು” ಅಂತಾಳೆ, ಕಿಟಕಿಗೂ “ಅದು” ಅಂತಾಳೆ. ಏನಾದ್ರೂ ಪದಗಳ ಆಟ ಆಡ್ಸಿ ಅಂದ್ರು ಡಾಕ್ಟ್ರು. ಪೇಪರಿನ ಪದಬಂಧ ಕೊಟ್ರೆ ಎಸೀತಾಳೆ. ತನ್ನದೇ ಬೇಕಂತೆ.’

‘ಹಳೇ ಪತ್ರಿಕೆ ಇಲ್ವೇನೇ?’

‘ಮನೆ ಬದಲಾಯಿಸಿದಾಗ ರದ್ದಿಗೆ ಹೋದ್ವು. ಎಲ್ಲಾ ಇದರಲ್ಲಿದೆ.’ ಅವಳು ಟೀ ಲೋಟ ಎತ್ತಿ ಪಕ್ಕಕ್ಕಿಟ್ಟಳು. ‘ಇನ್ನೂ ಒಂದೆರಡು ತಿಂಗಳು ಅಕ್ಷರ ಗುರುತು ಸಿಗಬಹುದಂತೆ. ಆಮೇಲೆ ನೀನು ಕೊಟ್ಟರೂ ಅಷ್ಟೆ, ಬಿಟ್ಟರೂ ಅಷ್ಟೆ.’

ಅವಳು ಹೋದ ಮೇಲೆ ಇಟ್ಟೋಗಿಯವರು ಬಾಗಿಲಿಗೆ ‘ರಜೆ’ ಬೋರ್ಡು ಹಾಕಿದರು. ಅಂಥದೊಂದು ಬೋರ್ಡು ಅವರ ಬಳಿ ಇರಲಿಲ್ಲ. ರಟ್ಟಿನ ತುಂಡಿನ ಮೇಲೆ ಬರೆದು ಹಾಕಬೇಕಾಯಿತು.

ಮುಚ್ಚಳ ತೆಗೆದರು. ಕರೆಂಟು ಒಳಗೆ ಬರುವ ಸ್ವಿಚ್ಚಿನ ಬಳಿ ಒಂದು ತಂತಿ ಕಳಚಿಕೊಂಡು ನೇತಾಡುತ್ತಿತ್ತು. ಹದಿನಾಲ್ಕು ವರ್ಷದ ಹಿಂದೆ ಅಕ್ಕ ತಂದ ಕಾಯಿಲೆ ಅದೊಂದೇ. ಬೆಸುಗೆ ಹಾಕಲು ಐದು ನಿಮಿಷ ಸಾಕಿತ್ತು. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಕಾಯಬಹುದಿತ್ತು.

ಉಳಿದ ಕಾಯಿಲೆಗಳೆಲ್ಲ ಅಂಗಡಿಯಲ್ಲಿ ಹತ್ತಿದವು. ಆ ಕಾಲದ ಯಂತ್ರಗಳ ಬೋರ್ಡಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಬ್ಯಾಟರಿ ಅಂಟಿಕೊಂಡಿರುತ್ತದೆ. ಬಿಟ್ಟರೆ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ತಿನ್ನುತ್ತದೆ. ‘ಮೊದ್ಲು ಬ್ಯಾಟರಿ ಕತ್ತರಿಸಿ, ಆಮೇಲೆ ನನ್ ಜೊತೆ ಮಾತಾಡಿ’ ಎಂದು ಇಟ್ಟೋಗಿಯವರು ಊರಿಗೆಲ್ಲ ಉಪನ್ಯಾಸ ಕೊಟ್ಟಿದ್ದರು. ಪತ್ರಿಕೆಯ ತುಣುಕಿನಲ್ಲೂ ಆ ಮಾತೇ ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಅಕ್ಕನ ಬ್ಯಾಟರಿ ನಿಧಾನವಾಗಿ ಸೋರಿ, ಬೋರ್ಡಿನ ಒಂದು ಮೂಲೆ ಪಾಚಿಗಟ್ಟಿದ ಹಾಗೆ ಹಸಿರಾಗಿತ್ತು.

ಹಲ್ಲುಜ್ಜುವ ಬ್ರಷ್ಷನ್ನು ವಿನೆಗರಿನಲ್ಲಿ ಅದ್ದಿ ಉಜ್ಜಿದರು. ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದರು. ಭೂತಗನ್ನಡಿ ಹಿಡಿದು, ಮೀಟರಿನ ಎರಡು ಮುಳ್ಳುಗಳನ್ನು ಪ್ರತಿ ಗೆರೆಯ ಎರಡು ತುದಿಗೆ ಇಟ್ಟರು. ಗೆರೆ ಉಳಿದಿದ್ದರೆ ಮೀಟರ್ ಕೀಂ ಎನ್ನುತ್ತದೆ. ಹದಿನೇಳು ಕಡೆ ಅದು ಸುಮ್ಮನಿತ್ತು. ಆ ಹದಿನೇಳು ಕಡೆಗೂ ಕೂದಲಿನಂಥ ತಂತಿಯ ಸೇತುವೆ ಕಟ್ಟಿದರು. ಮೊದಲಾಗಿದ್ದರೆ ಇಷ್ಟು ಕೆಲಸಕ್ಕೆ ಯಾರನ್ನಾದರೂ ಕರೆದು ತೋರಿಸಿಯೇ ತೋರಿಸುತ್ತಿದ್ದರು. ಈ ಸಲ ಬಾಗಿಲು ಬಡಿದವರಿಗೂ ತೆರೆಯಲಿಲ್ಲ.

ಹೀಗೆ ಹನ್ನೊಂದು ದಿನ ಕಳೆದವು. ಕರೆಂಟು ಕೊಟ್ಟಾಗ ಪರದೆ ಬೆಳಗಿತು. ಆದರೆ ಬ್ಯಾಟರಿ ಸತ್ತಿದ್ದರಿಂದ ಯಂತ್ರಕ್ಕೆ ತನ್ನೊಳಗೆ ಡಿಸ್ಕ್ ಒಂದಿದೆ ಎಂಬುದೇ ನೆನಪಿರಲಿಲ್ಲ. ಡಿಸ್ಕಿನ ಬೆನ್ನ ಮೇಲಿನ ಚೀಟಿಯಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಒತ್ತಿ, ಅದಕ್ಕೆ ಅದರದೇ ಸಂಗತಿ ತಿಳಿಸಿಕೊಟ್ಟರು. ಡಿಸ್ಕ್ ಗೊರಗೊರ ಎಂದಿತು. ಆರುನೂರ ನಾಲ್ಕು ಪದಬಂಧಗಳ ಪಟ್ಟಿ ಮೂಡಿತು.

ಆ ಕಾಲದ ಅಕ್ಷರಗಳನ್ನು ಹೊಸ ಕಂಪ್ಯೂಟರ್ ಓದುವುದಿಲ್ಲ. ತೆರೆದರೆ ಇರುವೆ ಸಾಲು ಕೆಣಕಿದ ಹಾಗೆ ಕಾಣುತ್ತದೆ. ಆದ್ದರಿಂದ ಹಳೆಯ ಪ್ರಿಂಟರಿನ ಒಣಗಿದ ರಿಬ್ಬನ್ನಿಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ, ಕೊನೆಯ ಇಪ್ಪತ್ತನ್ನು ಅದರಲ್ಲೇ ಅಚ್ಚು ಮಾಡಿದರು. ಚೌಕಗಳು ಮತ್ತು ಸುಳಿವುಗಳು ಮಾತ್ರ ಬಂದವು. ಉತ್ತರಗಳನ್ನು ಅಕ್ಕ ಎಂದೂ ಯಂತ್ರದಲ್ಲಿ ಇಟ್ಟವಳಲ್ಲ. ‘ಬಾಯಿಬಡುಕ ಡಬ್ಬಿ, ನಂಬಬಾರ್ದು’ ಎನ್ನುತ್ತಿದ್ದಳು.

ಕಟ್ಟಕಡೆಯದು ಅವಳು ಆ ಶುಕ್ರವಾರ ಕಳಿಸಬೇಕಾಗಿದ್ದದ್ದು. ಎಡದಿಂದ ಬಲಕ್ಕೆ ಒಂಬತ್ತನೆಯ ಸುಳಿವು: ‘ಕರೆದರೆ ಓಡಿ ಬರುವವನು, ಎರಡಕ್ಷರ.’ ಇಟ್ಟೋಗಿಯವರು ಪದಬಂಧದಲ್ಲಿ ದಡ್ಡರು. ಇದಕ್ಕೆ ಮಾತ್ರ ಉತ್ತರ ಥಟ್ಟನೆ ಹೊಳೆಯಿತು: ತಮ್ಮ. ಪ್ರಿಂಟರ್ ನಿಲ್ಲಿಸಿ ಸ್ವಲ್ಪ ಹೊತ್ತು ಹೊರಗೆ ಮೆಟ್ಟಿಲ ಮೇಲೆ ಕೂತರು.

ಅಕ್ಕನ ಮನೆಗೆ ಹೋದಾಗ ಸಂಜೆ ನಾಲ್ಕು ಗಂಟೆ. ಹುಟ್ಟಿದಾಗಿನಿಂದ ಇವರನ್ನು ‘ಲೋ’ ಎಂದೇ ಕರೆದವಳು ಎದ್ದು ನಿಂತು, ‘ಬನ್ನಿ, ಕೂತ್ಕೊಳ್ಳಿ’ ಎಂದಳು. ಇಟ್ಟೋಗಿಯವರಿಗೆ ಜೀವನದಲ್ಲಿ ಸಿಕ್ಕ ಮರ್ಯಾದೆಗಳಲ್ಲಿ ಅದೊಂದು ಬೇಡವಾಗಿತ್ತು.

ಕಾಗದ ನೋಡಿದ್ದೇ ಅವಳ ಮುಖ ಚುರುಕಾಯಿತು. ‘ನಂದು ಇದು’ ಎಂದು ಪೆನ್ಸಿಲ್ ಹುಡುಕಿದಳು. ಮೂರು ಪದ ತುಂಬಿದಳು, ಎರಡು ಬಿಟ್ಟಳು. ಒಂಬತ್ತರ ಬಳಿ ಬಂದು ನಿಂತಳು.

‘ಕರೆದರೆ ಓಡಿ ಬರುವವನು... ಎರಡಕ್ಷರ. ಯಾರ್ರೀ ಅದು?’

ಅವಳು ಒಂದು ಗಳಿಗೆ ಯೋಚಿಸಿ ದಪ್ಪಗೆ ಬರೆದಳು: ‘ನಾಯಿ.’ ಆ ‘ಯಿ’ ಕೂತ ಚೌಕಕ್ಕೆ ಮೇಲಿನಿಂದ ಇಳಿಯುವ ಪದದ ಸುಳಿವು ‘ಮಕ್ಕಳನ್ನು ಹೆದರಿಸುವವನು’, ಉತ್ತರ ಗುಮ್ಮ. ಮೇಲಿನ ಚೌಕದಲ್ಲಿ ‘ಗು’ ಬರೆದು, ಒಟ್ಟಿಗೆ ಓದಿ, ಹುಬ್ಬು ಗಂಟಿಕ್ಕಿದಳು.

‘ಗುಯಿ. ಗುಯಿ ಅಂದ್ರೇನ್ರೀ? ಹೊಂದಲ್ವಲ್ಲ.’

‘ಹೊಂದುತ್ತೆ ಅಕ್ಕ’ ಎಂದರು ಇಟ್ಟೋಗಿಯವರು. ‘ಸರಿಯಾಗಿ ಹೊಂದುತ್ತೆ.’

ಅವಳು ನಂಬಿ ಮುಂದಿನ ಸುಳಿವಿಗೆ ಹೋದಳು. ಆಮೇಲೆ ಅವರು ದಿನಾ ಒಂದು ಪದಬಂಧ ಒಯ್ದರು. ಮೂರನೆಯ ವಾರಕ್ಕೆ ಅವಳು ಪೆನ್ಸಿಲ್ ಹಿಡಿಯುವುದನ್ನು ಮರೆತಳು. ಆರುನೂರ ನಾಲ್ಕರಲ್ಲಿ ಹದಿನಾರು ಆಗಿತ್ತು. ಅವರು ಈಗಲೂ ನಾಲ್ಕು ಗಂಟೆಗೆ ಹೋಗಿ ಸುಳಿವುಗಳನ್ನು ಓದಿ ಹೇಳುತ್ತಾರೆ, ಅವಳು ಕಿಟಕಿ ನೋಡುತ್ತಾ ಕೇಳುತ್ತಾಳೆ.

ರೇಡಿಯೋ ವಾಪಸ್ಸು ಒಯ್ಯಲು ಹೋದ ದಿನ ಇದನ್ನೆಲ್ಲ ಅವರು ಹೇಳಿ ಮುಗಿಸಿದಾಗ, ಪದಗಳ ವಿಷಯದಲ್ಲಿ ತಾನೇ ದೊಡ್ಡವನೆಂದು ತಿಳಿದ ಈ ಬರಹಗಾರ ವ್ಯಾಕರಣ ತೆಗೆದ.

‘ಅಲ್ಲ, “ಬರುವವನು” ಅಂತಿರೋವಾಗ ನಾಯಿ ಹೇಗೆ ಸರಿಯಾಗುತ್ತೆ? ಅಲ್ಲೇ ತಿದ್ದಬಹುದಿತ್ತಲ್ಲ ನೀವು?’

ಇಟ್ಟೋಗಿಯವರು ಬೆಸುಗೆ ಕಡ್ಡಿ ಕೆಳಗಿಟ್ಟು ಮೊದಲ ಸಲ ತಲೆಯೆತ್ತಿ ನೋಡಿದರು.

‘ನಾಯಿಯಾಗಿದ್ರೆ ಬಂದಿರ್ತಿತ್ತು ಸಾರ್.’