ಹತ್ತನೇ ವರ್ಷದ ಟೀ ಶರ್ಟು

ನನ್ನ ಸೋದರಮಾವನಿಗೆ ಕಂಪ್ಯೂಟರ್ ಆನ್ ಮಾಡಲೂ ಬರುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಅವರ ಮಾತು ಬಂದಾಗಲೆಲ್ಲ ನಮ್ಮ ಬಳಗದವರು ನಗುತ್ತಾ ಹೇಳುವುದೂ ಇದನ್ನೇ.

ನಮ್ಮದು ಸಾಫ್ಟ್‌ವೇರ್ ಬರೆಯುವವರ ಬಳಗ. ಸಣ್ಣ ಗ್ರಂಥಾಲಯಗಳು ತಮ್ಮ ಪುಸ್ತಕಗಳ ಪಟ್ಟಿ ಇಡುವ ಪ್ರೋಗ್ರಾಂ ಒಂದನ್ನು ಸಂಬಳವಿಲ್ಲದೆ ಬರೆಯುತ್ತೇವೆ. ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಪುಕ್ಕಟೆ ಬಿಟ್ಟಿದ್ದೇವೆ. ಅದನ್ನು ಇಟ್ಟಿರುವ ಸರ್ವರ್ ಮಾತ್ರ ಪುಕ್ಕಟೆ ಸಿಗುವುದಿಲ್ಲ. ಅದರ ಬಾಡಿಗೆಗೆಂದು ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ ಬಳಗದ ಗುರುತು ಅಚ್ಚಾದ ಟೀ ಶರ್ಟು, ಸ್ಟಿಕರು, ಚೀಲ ಮಾರುತ್ತೇವೆ. ಮಾರುತ್ತೇವೆ ಎಂದರೆ ಮಾವ ಮಾರುತ್ತಾರೆ. ಮೊದಲ ವರ್ಷ ನಾವೇ ಮೇಜು ಹಾಕಿಕೊಂಡು ಕೂತಿದ್ದೆವು. ಒಬ್ಬರಿಗೂ ಗಿರಾಕಿಯ ಮುಖ ನೋಡಿ ಮಾತಾಡಲು ಬಾಯಿ ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಮುಖ ಹುದುಗಿಸಿ ಕೂತೆವು, ಒಯ್ದ ಡಬ್ಬಗಳನ್ನು ಹಾಗೇ ಹೊತ್ತು ತಂದೆವು.

ಅದೇ ಹೊತ್ತಿಗೆ ಮಾವ ಕೆಲಸಕ್ಕಿದ್ದ ರೆಡಿಮೇಡ್ ಬಟ್ಟೆ ಅಂಗಡಿ ಮುಚ್ಚಿತು. ಮೂವತ್ತು ವರ್ಷ ಒಂದೇ ಕೌಂಟರಿನ ಹಿಂದೆ ನಿಂತವರು ಈಗ ಮನೆಯಲ್ಲಿ ಅತ್ತೆಯ ಕಾಲಿಗೆ ತೊಡರುತ್ತಾ ಓಡಾಡುತ್ತಿದ್ದರು. ನಾನು ಕರೆದೆ, ಬಂದರು. ಬಾಗಿಲಲ್ಲಿ ಕಾಲಿಟ್ಟವರ ಭುಜ ನೋಡಿದರೆ ಸಾಕು, ಸೈಜು ಹೇಳುತ್ತಿದ್ದರು. ಹೊಟ್ಟೆ ಬಂದವರಿಗೆ, ಈ ಬಟ್ಟೆ ಒಗೆದರೆ ಕುಗ್ಗುತ್ತದೆ, ಒಂದು ಸೈಜು ದೊಡ್ಡದೇ ಇರಲಿ ಎಂದು ಹೇಳಿ ಮಾನ ಉಳಿಸುತ್ತಿದ್ದರು. ಹುಡುಗರು ಅವರಿಗೆ ಎಕ್ಸ್‌ಎಲ್ ಮಾವ ಎಂದು ಹೆಸರಿಟ್ಟರು. ಬಳಗದ ಅರ್ಧ ಜನರ ನಿಜವಾದ ಹೆಸರು ಅವರಿಗೆ ಗೊತ್ತಿರಲಿಲ್ಲ, ಅಳತೆ ಮಾತ್ರ ಎಲ್ಲರದೂ ಬಾಯಿಪಾಠ.

ಹೀಗೆ ಒಂಬತ್ತು ವರ್ಷ. ಮನೆಯ ಮುಂದಿನ ಕೋಣೆಯ ಮಂಚದ ಮೇಲೆ ಡಬ್ಬಗಳು ಏರಿ ಕೂತವು. ದೂರದೂರದವರಿಗೆ ಪಾರ್ಸೆಲ್ ಕಟ್ಟುವುದು, ವಿಳಾಸ ಬರೆಯುವುದು, ಅಂಚೆ ಕಚೇರಿಯಲ್ಲಿ ಸಾಲು ನಿಲ್ಲುವುದು, ಎಲ್ಲವೂ ಅವರದೇ. ಅತ್ತೆ ಇದನ್ನು ಬಿಟ್ಟಿ ಚಾಕರಿ ಎನ್ನುತ್ತಿದ್ದರು. ಮಾವ ಒಪ್ಪುತ್ತಿರಲಿಲ್ಲ. ಪಕ್ಕದ ಬೀದಿಯ ಗ್ರಂಥಾಲಯಕ್ಕೆ ಹೋಗಿ, ಅಲ್ಲಿನ ಗುಮಾಸ್ತೆಯ ಬೆನ್ನ ಹಿಂದೆ ನಿಂತು ಪರದೆ ನೋಡಿ, ಇದು ನಮ್ಮ ಸಾಫ್ಟ್‌ವೇರು ಎಂದು ಹೇಳಿ ಬರುತ್ತಿದ್ದರು. ನಮ್ಮ ಎನ್ನುವಾಗ ಅವರ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತಿತ್ತು.

ಹತ್ತನೇ ವರ್ಷದ ಟೀ ಶರ್ಟಿನ ಬೆನ್ನ ಮೇಲೆ ಇಷ್ಟು ವರ್ಷ ದುಡಿದವರೆಲ್ಲರ ಹೆಸರು ಅಚ್ಚು ಹಾಕಿಸೋಣ ಎಂದು ತೀರ್ಮಾನವಾಯಿತು. ಮಾವನಿಗೆ ಫೋನಿನಲ್ಲಿ ನಾನೇ ಹೇಳಿದೆ, ದುಡಿದವರೆಲ್ಲರದೂ ಎಂದೇ ಹೇಳಿದೆ. ಅವರು ಅತ್ತೆಗೆ ಹೇಳಿದರು. ಒಂಬತ್ತು ವರ್ಷ ಸಮ್ಮೇಳನದ ಕಡೆ ತಲೆ ಹಾಕದ ಅತ್ತೆ, ಗಂಡನ ಹೆಸರು ನೋಡಲು ಈ ಸಲ ಬರುತ್ತೇನೆ ಎಂದರು.

ಪಟ್ಟಿ ಮಾಡುವ ಕೆಲಸ ನನ್ನದು. ಕೂತು ಯಾರು ಯಾರು ಎಂದು ನೆನೆಸಿಕೊಳ್ಳುವಷ್ಟು ವ್ಯವಧಾನ ನಮ್ಮಂಥವರಿಗೆ ಎಲ್ಲಿಂದ ಬರಬೇಕು? ಪ್ರೋಗ್ರಾಮಿನಲ್ಲಿ ಯಾರು ಎಷ್ಟು ಬದಲಾವಣೆ ಮಾಡಿದರೆಂಬ ದಾಖಲೆ ಅದರೊಳಗೇ ಇರುತ್ತದೆ. ನಾಲ್ಕು ಸಾಲು ಕೋಡ್ ಬರೆದು ಅದರಿಂದಲೇ ಹೆಸರು ಎತ್ತಿದೆ. ಇನ್ನೂರ ಹನ್ನೆರಡು ಬಂದವು. ಒಂದೇ ಒಂದು ಅಲ್ಪವಿರಾಮ ತಿದ್ದಿ ನಾಪತ್ತೆಯಾದವನೂ ಇದ್ದ. ಮೂರನೆಯ ಹೆಸರು ತಿದ್ದುಗ. ಅದು ಮನುಷ್ಯನಲ್ಲ, ಕಾಗುಣಿತ ಮತ್ತು ತಾರೀಖು ತಾನಾಗಿ ಸರಿಮಾಡಲೆಂದು ನಾವು ಕೂರಿಸಿದ ಪುಟ್ಟ ಪ್ರೋಗ್ರಾಂ. ಅದನ್ನು ನೋಡಿ ನಕ್ಕೆ, ತಮಾಷೆಗೆ ಇರಲಿ ಎಂದು ಬಿಟ್ಟೆ. ಇದ್ದ ಯಂತ್ರ ಕಣ್ಣಿಗೆ ಬಿತ್ತು, ಇಲ್ಲದ ಮಾವ ಬೀಳಲಿಲ್ಲ.

ಅಚ್ಚಿನವರು ಡಬ್ಬಗಳನ್ನು ನೇರ ಸಭಾಂಗಣಕ್ಕೇ ತಂದು ಇಳಿಸಿದರು. ಬೆಳಗ್ಗೆ ಮಾವ ಟೇಪು ಕಿತ್ತು, ಒಂದು ಟೀ ಶರ್ಟನ್ನು ಮೇಜಿನ ಮೇಲೆ ಬೋರಲು ಹಾಸಿ, ಕನ್ನಡಕ ಹಾಕಿಕೊಂಡು ಓದತೊಡಗಿದರು. ನಾನು ಪಕ್ಕದಲ್ಲೇ ಪ್ರೊಜೆಕ್ಟರಿನ ವೈರು ಬಿಡಿಸುತ್ತಿದ್ದೆ. ಅವರು ಕೊನೆಯ ಸಾಲಿನ ತನಕ ಬೆರಳಾಡಿಸಿದರು. ಇನ್ನೊಂದನ್ನು ತೆಗೆದು ಅದನ್ನೂ ಓದಿದರು. ಅಚ್ಚು ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದಾರೆ ಅಂದುಕೊಂಡೆ.

"ಪುಟ್ಟಿ, ಈ ಮೂರನೇ ಹೆಸರಿನವರು ಯಾರು? ಈ ಹೆಸರು ಒಂದ್ಸಲಾನೂ ಕೇಳಿಲ್ವಲ್ಲ. ಯಾವ ಸೈಜು ಎತ್ತಿಡ್ಲಿ?"

ನಾನು ನಕ್ಕುಬಿಟ್ಟೆ. "ಅದು ಮನುಷ್ಯ ಅಲ್ಲ ಮಾವ, ಪ್ರೋಗ್ರಾಮು. ಕಾಗುಣಿತ ತಿದ್ದತ್ತೆ."

"ಓ. ಹಾಗಾದ್ರೆ ಅದಕ್ಕೆ ಬೇಡ," ಎಂದು ಅವರು ಟೀ ಶರ್ಟನ್ನು ಮಡಚಿಟ್ಟರು.

ಕೇಳಬೇಕಾದದ್ದನ್ನು ಕೇಳಲಾರದೆ ಆ ಮೂರನೇ ಹೆಸರಿನ ಬಗ್ಗೆ ಕೇಳಿದ್ದರು. ನನ್ನ ಮಂದಬುದ್ಧಿಗೆ ಅದು ಹೊಳೆಯಲು ಹನ್ನೊಂದು ಗಂಟೆಗೆ ಅತ್ತೆ ಬರಬೇಕಾಯಿತು. ಇಸ್ತ್ರಿ ಮಾಡಿದ ಒಳ್ಳೆ ಸೀರೆ ಉಟ್ಟು ಬಂದಿದ್ದರು. ನಿಮ್ಮ ಹೆಸರು ಎಲ್ಲಿದೆ ತೋರಿಸಿ ಎಂದು ಮೇಜಿನ ಮೇಲೆ ಬಗ್ಗಿದರು.

"ಮಾರೋರ ಹೆಸರು ಹಾಕೋ ಪದ್ಧತಿ ಇಲ್ಲ ಕಣೇ," ಎಂದರು ಮಾವ. "ಅಂಗಡೀಲಿ ಮೂವತ್ತು ವರ್ಷ ಮಾರಿದ್ನಲ್ಲ, ಆ ಅಂಗಿಗಳ ಮೇಲೆ ನನ್ನ ಹೆಸರಿತ್ತಾ?"

ಅತ್ತೆ ಅವರ ಮುಖ ನೋಡಿದರು, ಆಮೇಲೆ ನನ್ನ ಮುಖ. ಮೇಜಿನ ಹಿಂದೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಮಾವನ ಹತ್ತಿರ ಸರಿದು, ತಪ್ಪು ನನ್ನದು, ನಾಳೆಯೇ ಬೇರೆ ಅಚ್ಚು ಹಾಕಿಸುತ್ತೇನೆ ಎಂದು ತೊದಲಿದೆ.

"ಕೇಳಿ ಹಾಕಿಸ್ಕೊಂಡ ಹೆಸರು ಬೇಡ ಪುಟ್ಟಿ. ಗಿರಾಕಿ ಬಂದ್ರು, ಸ್ವಲ್ಪ ಆ ಕಡೆ ನಿಲ್ಲು."

ಯಾವ ವರ್ಷವೂ ಅಷ್ಟು ಮಾರಾಟವಾಗಿರಲಿಲ್ಲ. ಬಂದವರೆಲ್ಲ ಟೀ ಶರ್ಟು ಬಿಡಿಸಿ ತಮ್ಮ ತಮ್ಮ ಹೆಸರು ಹುಡುಕುವವರೇ. ಸಿಗದೆ ತಡಕಾಡಿದವರಿಗೆ ಮಾವ ಬೆರಳಿಟ್ಟು ತೋರಿಸುತ್ತಿದ್ದರು. ಎರಡು ಸಲ ಓದಿದ್ದರಿಂದ ಯಾವ ಹೆಸರು ಯಾವ ಸಾಲಿನಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತು, ಉಳಿದವನ್ನು ಸೈಜಿನ ಪ್ರಕಾರ ಜೋಡಿಸಿ ಕೊಡುತ್ತಿದ್ದರು.

ಸಂಜೆ ಫೋಟೋ. ಹೊಸ ಟೀ ಶರ್ಟು ಹಾಕಿಕೊಂಡವರೆಲ್ಲ ವೇದಿಕೆ ಹತ್ತಬೇಕು, ಹೆಸರು ಕಾಣುವಂತೆ ಬೆನ್ನು ತಿರುಗಿಸಿ ನಿಲ್ಲಬೇಕು ಎಂದು ನಮ್ಮ ಅಧ್ಯಕ್ಷರು ಕೂಗಿ ಹೇಳಿದರು. ಜನ ದಡಬಡ ಹತ್ತಿದರು. ಫೋಟೋ ತೆಗೆಯಲು ಕೆಳಗೆ ಯಾರಾದರೂ ಬೇಕಲ್ಲ, ಟೀ ಶರ್ಟು ಹಾಕಿಕೊಳ್ಳದೆ ಉಳಿದದ್ದು ಮಾವ, ಅತ್ತೆ ಇಬ್ಬರೇ. ಅಧ್ಯಕ್ಷರು ತಮ್ಮ ಫೋನನ್ನು ಮಾವನ ಕೈಗಿಟ್ಟು, ಇದೊಂದು ಗುಂಡಿ ಒತ್ತಿದರೆ ಆಯಿತು ಎಂದು ಹೇಳಿಕೊಟ್ಟು ಬಂದರು. ಬೇಡ, ನಾನು ತೆಗೆಯುತ್ತೇನೆ ಎಂದು ಇಳಿದು ಬರಬಹುದಿತ್ತು. ಪಕ್ಕದವರು ತೋಳು ಹಿಡಿದು ಎಳೆದರು. ಎಳೆಸಿಕೊಂಡೆ. ಎಲ್ಲರ ಜೊತೆ ನಾನೂ ಗೋಡೆಗೆ ಮುಖ ಮಾಡಿ, ಮಾವನಿಗೆ ಬೆನ್ನು ಹಾಕಿ ನಿಂತೆ.

ಹಿಂದಿನಿಂದ ಅವರ ದನಿ ಕೇಳಿತು.

"ಎಡಗಡೆಯವರು ಸ್ವಲ್ಪ ಒತ್ತಿ ನಿಲ್ಲಿ. ಹೆಸರು ಪೂರ್ತಿ ಬರ್ತಿಲ್ಲ."