ಪದಕ ಚಿಕ್ಕದಾದ ದಿನ

ಕೆ.ಆರ್. ಪೇಟೆಯ ಅಂಗಡಿ ಬೀದಿಯಲ್ಲಿರುವ ಶ್ರೀನಿವಾಸಾಚಾರ್ರ ಚಿನ್ನದ ಕೆಲಸದ ಅಂಗಡಿಗೆ ಹೊಸದಾಗಿ ಹೋದವರಿಗೆ ಅವರ ಹೆಂಡತಿ ಜಯಲಕ್ಷ್ಮಮ್ಮನ ಕಣ್ಣಿಗೆ ಏನೋ ಆಗಿದೆ ಅನ್ನಿಸುತ್ತಿತ್ತು. ಒಡವೆ ಮಾಡಿಸಲು ಬಂದವರನ್ನು ಆಕೆ ಸ್ಟೂಲಿನ ಮೇಲೆ ಕೂರಿಸುತ್ತಿದ್ದಳು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು, ನಿದ್ದೆ ಬಂದವರ ಹಾಗೆ ಕಣ್ಣು ಅರ್ಧ ಮುಚ್ಚಿ ನೋಡುತ್ತಿದ್ದಳು. ಯಾರಾದರೂ ಡಾಕ್ಟರಿಗೆ ತೋರಿಸಿ ಅಂದರೆ ನಗುತ್ತಿದ್ದಳು. "ಪೂರ್ತಿ ಕಣ್ಬುಟ್ಟು ನೋಡುದ್ರೆ ಮೂಗು, ಮಚ್ಚೆ, ಸೀರೆ ಉವ್ವ ಎಲ್ಲಾ ಕಾಣ್ತವೆ ಕಣವ್ವ. ಅರ್ಧ ಮುಚ್ಚುದ್ರೆ ಬೆಳಕೆಲ್ಲಿ ಬೀಳ್ತದೆ, ನೆಳ್ಳೆಲ್ಲಿ ಬೀಳ್ತದೆ, ಅಷ್ಟೇ ಕಾಣ್ತದೆ. ಒಡವೆಗೆ ಬೇಕಾಗಿರೋದು ಅಷ್ಟೇಯ."

ಈ ನೋಟ ಅವಳಿಗೆ ತವರಿನಿಂದ ಬಂದದ್ದು. ಅವಳಪ್ಪ ಹೊನ್ನಪ್ಪಾಚಾರ್ ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನ ಬಡಗಿ. ಅವಳಿಗೆ ಹತ್ತು ವರ್ಷವಿದ್ದಾಗ, ಬಾಗಿಲೊಂದರ ಮೇಲೆ ಕಮಲ ಕೆತ್ತಲು ಸರಿಯಾದ ನಡು ಎಲ್ಲಿ ಎಂದು ದಾರ ಹಿಡಿದು ಗುರುತು ಮಾಡಿಕೊಟ್ಟಿದ್ದಳು. ಅಪ್ಪ ಆ ಗುರುತಿಗಿಂತ ಒಂದು ಬೆರಳು ಮೇಲಕ್ಕೆ ಉಳಿ ಇಟ್ಟ. ತಪ್ಪಾಯಿತಲ್ಲ ಎಂದು ಅವಳು ಕೂಗಿಕೊಂಡಾಗ, "ದಾರುದ್ ನಡು ಬೇರೆ, ಕಣ್ಣಿನ್ ನಡು ಬೇರೆ ಮಗಾ. ನೀ ಗುರ್ತು ಮಾಡುದ್ ಜಾಗ್ದಲ್ಲಿ ಕೆತ್ತುದ್ರೆ ಉವ್ವ ಕೆಳುಕ್ ಜಾರ್ದಂಗೆ ಕಾಣ್ತದೆ," ಅಂದ. ಬಾಗಿಲು ನಿಲ್ಲಿಸಿದ ದಿನ ಅವಳು ಓಡಿಹೋಗಿ ನೋಡಿದಳು. ಕಮಲ ಸರಿಯಾಗಿ ನಡುವೆಯೇ ಕೂತಂತಿತ್ತು. ಅಂದಿನಿಂದ ಅವಳು ಕಂಡದ್ದನ್ನೆಲ್ಲ ಎರಡೆರಡು ಸಲ ನೋಡುವ ಹುಡುಗಿಯಾದಳು.

ಮದುವೆಯಾಗಿ ಬಂದದ್ದು ಅಳತೆಯ ಮನುಷ್ಯನ ಮನೆಗೆ. ಶ್ರೀನಿವಾಸಾಚಾರ್ರ ಕೈ ಬಹಳ ಚೊಕ್ಕ; ಅವರು ಬೆಸೆದ ಜಾಗವನ್ನು ಬೆಸೆದವರೇ ಹುಡುಕಬೇಕು. ಆದರೆ ಅವರು ನಂಬುತ್ತಿದ್ದುದು ತಕ್ಕಡಿಯನ್ನು, ಅಡಿಪಟ್ಟಿಯನ್ನು. ಮಣಿ ಪೋಣಿಸುವ ಕೆಲಸ ಹೆಂಡತಿಯದು. "ಇಲ್ಲೊಂಚೂರು ಖಾಲಿ ಬುಡ್ಲಾ?" ಎಂದು ಅವಳು ಕೇಳಿದರೆ, "ಖಾಲಿ ಬುಟ್ರೆ ಮಣಿ ಉದುರೋಗದೆ ಅಂತಾರೆ ಜನ, ತುಂಬ್ಸು," ಅನ್ನುತ್ತಿದ್ದರು. ಮೂವತ್ತು ವರ್ಷ ಅವಳು ತುಂಬಿಸಿದಳು.

ಎರಡು ವರ್ಷದ ಹಿಂದೆ ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಿಂದ ಕಬ್ಬು ಬೆಳೆಯುವ ನಾಗರಾಜು ಬಂದ. ಮಗಳು ಅನುವಿನ ಮದುವೆಗೆ ತಾಯಿ ದ್ಯಾವಮ್ಮನ ಹಳೇ ಪದಕವನ್ನು ಹೊಸ ಸರಕ್ಕೆ ಸೇರಿಸಿ ಕೊಡಬೇಕಿತ್ತು. ನಲವತ್ತು ವರ್ಷ ಕರಿಮಣಿ ಸರದಲ್ಲಿ ತೂಗಿದ್ದ, ಕೆಂಪು ಹರಳಿನ ದುಂಡನೆಯ ಪದಕ ಅದು. ಅನು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಅದರಂತೆಯೇ ಆಚಾರ್ರು ಪದಕದ ಎರಡೂ ಕಡೆ ಗೋಲಿಯಷ್ಟು ದಪ್ಪದ ಚಿನ್ನದ ಗುಂಡುಗಳನ್ನು ಒತ್ತೊತ್ತಾಗಿ ಕೂರಿಸಿದರು. ತಪ್ಪು ಹುಡುಕಲಾಗದಂಥ ಕೆಲಸ.

ಸರ ಒಯ್ಯಲು ಬಂದ ದಿನ ದ್ಯಾವಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನನ್ ಪದ್ಕ ಅಲ್ಲ ಆಚಾರ್ರೇ."

ನಾಗರಾಜು ತಾಯಿಯ ತೋಳು ಹಿಡಿದ. "ಏನವ್ವ ಇಂಗಂತೀಯ? ಆಚಾರ್ರು ಅಂತೋರಲ್ಲ ಬುಡು."

"ನಾನೇನ್ ಸುಳ್ ಏಳ್ತೀನೇನ್ಲಾ? ನಲ್ವತ್ತೊರ್ಸ ಕುತ್ಗೇಲಿ ಆಕ್ಕಂಡಿದ್ದೋಳು ನಾನು. ನಂದು ಇಷ್ಟಗಲ ಇತ್ತು. ಇದ್ಯಾವ್ದೋ ಚಿಕ್ಕದು."

ಆಚಾರ್ರ ಮುಖ ಕಪ್ಪಿಟ್ಟಿತು. ಪದಕ ಬಿಡಿಸಿ ತಕ್ಕಡಿಯ ಮೇಲಿಟ್ಟರು. ತಂದುಕೊಟ್ಟ ದಿನದ ಚೀಟಿಯಲ್ಲಿ ಬರೆದಿದ್ದ ತೂಕ ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂತು. ದ್ಯಾವಮ್ಮ ತಲೆಯಾಡಿಸಿದಳು. "ತೂಕ ನೀವೇಳ್ತೀರಿ. ನನ್ ಕಣ್ಣೇ ಏಳ್ತಾ ಅದಲ್ಲ, ಚಿಕ್ಕದು ಅಂತ."

ಒಳಗಿನಿಂದ ಜಯಲಕ್ಷ್ಮಮ್ಮ ಬಂದಳು. ಅಂಗಡಿಯ ಹಿಂದೆಯೇ ಮನೆ, ಎಲ್ಲವೂ ಕೇಳಿಸಿತ್ತು. ಅವಳ ಒಂದು ಕೈಯಲ್ಲಿ ಆರು ನಿಂಬೆಹಣ್ಣು, ಇನ್ನೊಂದರಲ್ಲಿ ಹೆಸರುಕಾಳಿನ ಬಟ್ಟಲು.

"ದ್ಯಾವಮ್ಮಾರೇ, ನಿಮ್ ಕಣ್ಣೂ ಸುಳ್ ಏಳ್ತಿಲ್ಲ, ತಕ್ಕಡೀನೂ ಏಳ್ತಿಲ್ಲ. ಒಂದ್ ಗಳ್ಗೆ ಕೂತ್ಕಳಿ."

ಮೇಜಿನ ಮೇಲೆ ಒಂದೊಂದು ರೂಪಾಯಿಯ ಎರಡು ನಾಣ್ಯ ಇಟ್ಟಳು. ಒಂದರ ಸುತ್ತ ನಿಂಬೆಹಣ್ಣು ಜೋಡಿಸಿದಳು, ಇನ್ನೊಂದರ ಸುತ್ತ ಹೆಸರುಕಾಳು. "ಇವೆಲ್ಡ್ರಲ್ಲಿ ಯಾವ್ದು ದೊಡ್ಡದು ಏಳಿ."

ದ್ಯಾವಮ್ಮ ಯೋಚಿಸಲೇ ಇಲ್ಲ. ಹೆಸರುಕಾಳಿನ ನಡುವಿನ ನಾಣ್ಯಕ್ಕೆ ಬೆರಳಿಟ್ಟಳು. ಜಯಲಕ್ಷ್ಮಮ್ಮ ಎರಡನ್ನೂ ಎತ್ತಿ ಒಂದರ ಮೇಲೊಂದು ಇಟ್ಟು ಅವಳ ಅಂಗೈಗೆ ಹಾಕಿದಳು. ಒಂದೇ ಅಳತೆ. ಮುದುಕಿ ಅವನ್ನು ತಾನೇ ಮತ್ತೆ ಜೋಡಿಸಿದಳು, ಜಾಗ ಅದಲು ಬದಲು ಮಾಡಿ ನೋಡಿದಳು. ಈ ಸಲ ಇನ್ನೊಂದು ದೊಡ್ಡದಾಯಿತು!

"ಅಯ್ಯೋ, ಇದ್ಯಾವ್ ಮಾಟ್ವವ್ವ!" ಎಂದು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. ಮಗನನ್ನು ಕೂರಿಸಿ ಕೇಳಿದಳು, ಅವನೂ ತಪ್ಪಿದ. ಬಾಗಿಲಲ್ಲಿ ಬೀಡಿ ಸೇದುತ್ತಿದ್ದ ಆಟೋ ಓಡಿಸುವ ಕುಳ್ಳಯ್ಯನನ್ನೂ ಕರೆಸಿದಳು, ಅವನೂ ತಪ್ಪಿದ. ಪ್ರತಿ ಸಲವೂ ಅವಳ ನಗು ಇಷ್ಟಿಷ್ಟೇ ಜೋರಾಯಿತು.

"ಮೊದ್ಲು ಇದು ಕರಿಮಣಿ ಮಧ್ಯೆ ಇತ್ತು, ದೊಡ್ಡದಾಗಿ ಕಾಣ್ತಿತ್ತು," ಜಯಲಕ್ಷ್ಮಮ್ಮ ಹೇಳಿದಳು. "ಈಗ ಗೋಲಿಗಾತ್ರುದ್ ಗುಂಡ್ ಮಧ್ಯೆ ಕೂತು ಕುಗ್ಗೋಗದೆ. ಒಂದ್ ವಾರ ಕೊಡಿ."

ದ್ಯಾವಮ್ಮ ಎದ್ದು ಆಚಾರ್ರ ಮುಂದೆ ನಿಂತಳು. "ಬಾಯ್ ತಪ್ಪಿ ಅಂದ್ಬುಟ್ಟೆ ಆಚಾರ್ರೇ, ಮನ್ಸಲ್ಲಿ ಮಡಿಕಾಬ್ಯಾಡಿ." ಆಚಾರ್ರು ಕೈ ಮುಗಿದರು.

ಆ ವಾರ ಜಯಲಕ್ಷ್ಮಮ್ಮ ತನಗೆ ಬೇಕಾದಂತೆ ಪೋಣಿಸಿದಳು. ಪದಕದ ಪಕ್ಕದಲ್ಲಿ ಸಾಸಿವೆಯಂಥ ಚಿನ್ನದ ಮಣಿ, ಆಮೇಲೆ ಕರಿಮಣಿ. ಕಪ್ಪಿನ ಪಕ್ಕ ಚಿನ್ನ ಇನ್ನಷ್ಟು ಹೊಳೆಯಿತು. ಮೇಲಕ್ಕೆ ಹೋಗುತ್ತಾ ಮೂರು ಮೂರು ಚಿನ್ನದ ಮಣಿ ಒಟ್ಟಿಗೆ, ನಡುವೆ ಒಂದಿಷ್ಟು ಖಾಲಿ. ಗಂಡ ತಡೆಯಲಾರದೆ ಕೇಳಿದರು, "ಇಲ್ಲಿ ಮಣಿ ಬುಟ್ಟೋಗದಲ್ಲೇ ಜಯಾ?"

"ಆ ಬಾಗ್ಲತ್ರ ಓಗಿ ನೋಡಿ."

ಆಚಾರ್ರು ಬಾಗಿಲಿಗೆ ಹೋಗಿ ತಿರುಗಿದರು. ಅಲ್ಲಿಂದ ಮೂರು ಮಣಿ ಸೇರಿ ಒಂದು ಮೊಗ್ಗಾಗಿತ್ತು. ಮೊಗ್ಗಿನಿಂದ ಮೊಗ್ಗಿಗೆ ಖಾಲಿ ಜಾಗವನ್ನು ದಾಟಿ ಅವರ ಕಣ್ಣೇ ಎಳೆ ಎಳೆದುಕೊಂಡು, ನೇರವಾಗಿ ಪದಕದ ಮೇಲೆ ಬಂದು ನಿಂತಿತು. ಅವರು ಅಲ್ಲಿಯೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಮೂವತ್ತೊರ್ಸ ತುಂಬ್ಸು ತುಂಬ್ಸು ಅಂತ ನಿನ್ ಬಾಯ್ ಮುಚ್ಚಿಸ್ಬುಟ್ನಲ್ಲೇ."

"ಈಗ ಬುಟ್ರಲ್ಲ, ಸಾಕು ಬುಡಿ," ಎಂದಳು ಜಯಲಕ್ಷ್ಮಮ್ಮ. ಮತ್ತೆ ಮುಂದಿನ ಮೂರು ಮಣಿ ಎಣಿಸಿ ದಾರಕ್ಕೆ ಏರಿಸಿದಳು.

ಉಳಿದ ದಪ್ಪ ಗುಂಡುಗಳಿಂದ ಅನುವಿಗೆ ಒಂದು ಜೊತೆ ಬಳೆಯಾಯಿತು. ಪಾಂಡವಪುರದ ಛತ್ರದಲ್ಲಿ ಮದುವೆ ನಡೆದ ದಿನ ದ್ಯಾವಮ್ಮ ಬಂದವರಿಗೆಲ್ಲ ಮೊಮ್ಮಗಳ ಕುತ್ತಿಗೆ ತೋರಿಸಿ, ಪದಕ ಮೊದಲಿಗಿಂತ ದೊಡ್ಡದಾಗಿದೆ ಎಂದು ಹೇಳಿಕೊಂಡು ಓಡಾಡಿದಳು. ಯಾರೂ ನಂಬದಿದ್ದರೆ ಇನ್ನೂ ಖುಷಿ.

ಅಲ್ಲಿಂದ ಜನ ಬರತೊಡಗಿದರು. ನಾಗಮಂಗಲದ ಟೀಚರ್ ಸಹನ ತನ್ನದು ಅಗಲ ಮುಖ, ಯಾವ ಓಲೆಯೂ ಒಪ್ಪುವುದಿಲ್ಲ ಎಂದು ಬೇಜಾರಿನಿಂದ ಬಂದಳು. ಜಯಲಕ್ಷ್ಮಮ್ಮ ಅವಳಿಗೆ ಉದ್ದಕ್ಕೆ ಇಳಿಬೀಳುವ ಸಣ್ಣ ಜುಮುಕಿ ಮಾಡಿಸಿಕೊಟ್ಟಳು. ಸಹನ ಕನ್ನಡಿಯ ಮುಂದಿನಿಂದ ಅರ್ಧ ಗಂಟೆ ಏಳಲಿಲ್ಲ. ಮೈಸೂರಿನಲ್ಲಿ ಡಿಸೈನ್ ಓದುತ್ತಿದ್ದ ಹರ್ಷಿತ ಒಮ್ಮೆ ಬಂದು, ಅಮ್ಮ, ನೀವು ಮಾಡುವುದಕ್ಕೆಲ್ಲ ನಮ್ಮ ಪುಸ್ತಕದಲ್ಲಿ ಒಂದೊಂದು ಹೆಸರಿದೆ ಎಂದಾಗ ಜಯಲಕ್ಷ್ಮಮ್ಮ ಹಿಗ್ಗಿಹೋದಳು. ಆ ಹೆಸರುಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆಸಿಕೊಂಡಳು.

ಊರಿನವರಿಗೆಲ್ಲ ಒಪ್ಪುವುದನ್ನು ಹೇಳುತ್ತಿದ್ದ ಆಕೆಗೆ ತನಗೇನು ಒಪ್ಪುತ್ತದೆ ಎಂದು ತಿಳಿಯುತ್ತಿರಲಿಲ್ಲ. ಅವಳ ಕಿವಿಯಲ್ಲಿ ಮದುವೆಯ ಓಲೆಯೇ ಇತ್ತು. ಹೋದ ತಿಂಗಳು ಅಕ್ಕಿಹೆಬ್ಬಾಳಿನಲ್ಲಿ ನೆಂಟರ ಗೃಹಪ್ರವೇಶವಿತ್ತು. ಹೊರಡುವ ದಿನ ಬೆಳಿಗ್ಗೆ ಶ್ರೀನಿವಾಸಾಚಾರ್ರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ತಾವೇ ಚಿತ್ರ ಬರೆದು, ಗುಟ್ಟಾಗಿ ಮಾಡಿದ್ದ ಓಲೆಯನ್ನು ಕೈಗಿತ್ತರು. ಎಲೆಯ ಆಕಾರ, ನಡುವೆ ಹಸಿರು ಹರಳು, ಸುತ್ತ ಧಾರಾಳವಾಗಿ ಖಾಲಿ.

ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಮಾತು ತೆಗೆದಳು. "ವಾಲೆ ಚೆನ್ನಾಗವೆ ಕಣಕ್ಕ, ಎಲ್ ಮಾಡ್ಸುದ್ರಿ?"

ಜಯಲಕ್ಷ್ಮಮ್ಮ ಕಿಟಕಿ ಪಕ್ಕ ಕೂತು ಕೇಳಿಸದಂತೆ ನಟಿಸುತ್ತಿದ್ದ ಗಂಡನ ಕಡೆ ತಿರುಗಿದಳು. "ಇವ್ರುನ್ನೇ ಕೇಳಿ. ಎಲ್ಲೆಲ್ಲಿ ಖಾಲಿ ಬುಡ್ಬೇಕು ಅಂತ ಎಲ್ಲಾ ಇವ್ರೇ ನೋಡಿದ್ದು," ಅಂದಳು.